ಮೀಟರ್ ಗೇಟ್‌ವೇಗೆ ಲಿನಕ್ಸ್ ಬೋರ್ಡ್ ಆರಿಸುವುದು ಹೇಗೆ?

ವಿದ್ಯುತ್ ಮೀಟರನ್ನು ಆರ್‌ಎಸ್-485 (ತಂತಿ ಜೋಡಿಯಲ್ಲಿ ಡೇಟಾ ಕಳಿಸುವ ಸೀರಿಯಲ್ ಲೈನ್) ಮೂಲಕ ಓದಿ 4ಜಿಯಲ್ಲಿ ಸರ್ವರ್‌ಗೆ ಕಳಿಸುವ ಪೆಟ್ಟಿಗೆಗೆ, ಅಂದರೆ ಗೇಟ್‌ವೇಗೆ, ಗಿಗಾಹರ್ಟ್ಸ್ ಲೆಕ್ಕ ಮುಖ್ಯವಲ್ಲ. ಒಂದೇ ಕಾರ್ಟೆಕ್ಸ್-ಎ8 (ಎಆರ್‌ಎಂನ ಹಳೆಯ ಪ್ರೊಸೆಸರ್ ವಿನ್ಯಾಸ) ಕೋರ್ ಧಾರಾಳವಾಯಿತು. ಬಿಲ್ಡ್‌ರೂಟ್‌ನಲ್ಲಿ (ಬೇಕಾದಷ್ಟನ್ನೇ ಸೇರಿಸಿ ಲಿನಕ್ಸ್ ಕಟ್ಟುವ ಸಾಧನ) ಕಟ್ಟಿದ ಸಣ್ಣ ಸಿಸ್ಟಮ್‌ಗೆ 128 ಎಂಬಿ ರ‍್ಯಾಮ್ ಸಾಕು. ಡೆಬಿಯನ್‌ನಂಥ ಪೂರ್ಣ ಲಿನಕ್ಸ್, ಪೈಥಾನ್ ಬೇಕಿದ್ದರೆ 512 ಎಂಬಿ ಇರಲಿ.

ಮೊದಲು ಕರ್ನಲ್ (ಲಿನಕ್ಸ್‌ನ ತಿರುಳು) ನೋಡಿ. ಚಿಪ್‌ನ ಡ್ರೈವರ್‌ಗಳು ಮೇನ್‌ಲೈನ್‌ನಲ್ಲೇ, ಅಂದರೆ ಲಿನಕ್ಸ್‌ನ ಅಧಿಕೃತ ಕರ್ನಲ್‌ನಲ್ಲೇ, ಇರಬೇಕು. ತಯಾರಕರು ಕೊಟ್ಟ ಹಳೆಯ ಕರ್ನಲ್‌ನಲ್ಲಷ್ಟೇ ಬೂಟ್ ಆಗುವ ಬೋರ್ಡ್ ತಗೊಂಡರೆ, ಮುಂದೆ ಸೆಕ್ಯುರಿಟಿ ಪ್ಯಾಚ್‌ಗಳನ್ನು ನೀವೇ ಕೂರಿಸಬೇಕಾಗುತ್ತದೆ. ಬೀಗಲ್‌ಬೋನ್ ಬ್ಲ್ಯಾಕ್ ಈ ವಿಷಯದಲ್ಲಿ ನಂಬಿಕಸ್ಥ: ಎಎಂ3358 ಚಿಪ್, 512 ಎಂಬಿ ರ‍್ಯಾಮ್, ರಿವಿಷನ್ ಸಿಯಲ್ಲಿ 4 ಜಿಬಿ ಇಎಂಎಂಸಿ (ಬೋರ್ಡ್‌ಗೇ ಬೆಸೆದ ಫ್ಲ್ಯಾಶ್ ಸ್ಟೋರೇಜ್). ಕೆಳಗಿನ ಲೆಕ್ಕವೆಲ್ಲ ಅದರದ್ದೇ.

ಹೆಚ್ಚು ಪೆಟ್ಟಿಗೆಗಳು ಕೆಡುವುದು ಸ್ಟೋರೇಜ್ ಮತ್ತು ಪವರ್‌ನಿಂದ. ಎಸ್‌ಡಿ ಕಾರ್ಡ್ ಪ್ರಯೋಗಕ್ಕೆ ಇರಲಿ, ಫೀಲ್ಡ್‌ಗೆ ಇಎಂಎಂಸಿಯೇ ಬೇಕು. ನಿಮಿಷಕ್ಕೊಂದು ರೀಡಿಂಗ್, 100 ಬೈಟ್ ಎಂದರೆ ದಿನಕ್ಕೆ 144 ಕೆಬಿ ಅಷ್ಟೇ. ಆದರೆ ಪ್ರತಿ ಸಲವೂ ಡಿಸ್ಕ್‌ಗೆ ಬರೆಸಿದರೆ ಕನಿಷ್ಠ 4 ಕೆಬಿ ಬ್ಲಾಕ್, ಮೇಲೆ ಜರ್ನಲ್ (ಫೈಲ್ ಸಿಸ್ಟಮ್ ಬರೆದಿಟ್ಟುಕೊಳ್ಳುವ ಬದಲಾವಣೆಗಳ ದಾಖಲೆ). ಒಳಗೆ ಫ್ಲ್ಯಾಶ್ ಅಳಿಸುವ ತುಂಡು ಇನ್ನೂ ದೊಡ್ಡದು, ಬರೆದಷ್ಟೂ ಫ್ಲ್ಯಾಶ್ ಸವೆಯುತ್ತದೆ. ಹಾಗಾಗಿ ಟೆಂಪ್‌ಎಫ್‌ಎಸ್‌ನಲ್ಲಿ (ಮೆಮೊರಿಯಲ್ಲೇ ಇರುವ ತಾತ್ಕಾಲಿಕ ಫೈಲ್ ಸಿಸ್ಟಮ್) ಕೂಡಿಟ್ಟು 15 ನಿಮಿಷಕ್ಕೊಮ್ಮೆ ಬರೆಯಿರಿ: 1440 ಬರಹ 96ಕ್ಕೆ ಇಳಿಯುತ್ತದೆ. ಕರೆಂಟ್ ಹೋದರೆ ಕಳೆಯುವುದು ಹೆಚ್ಚೆಂದರೆ 15 ರೀಡಿಂಗ್. ರೂಟ್ ಪಾರ್ಟಿಷನ್ (ಸಿಸ್ಟಮ್ ಫೈಲ್‌ಗಳಿರುವ ಭಾಗ) ರೀಡ್-ಓನ್ಲಿ ಇರಲಿ.

ಬೋರ್ಡ್‌ನ ಯುಎಸ್‌ಬಿ ಪೋರ್ಟ್‌ಗೆ 500 ಮಿಲಿಆಂಪ್ ಮಿತಿಯಿದೆ. ಸಿಗ್ನಲ್ ಸೋತಾಗ 4ಜಿ ಮೋಡೆಮ್ ಕ್ಷಣಮಾತ್ರಕ್ಕೆ 2 ಆಂಪ್‌ವರೆಗೂ ಎಳೆಯಬಹುದು. ಹಾಗಾಗಿ ಮೋಡೆಮ್‌ಗೆ 5 ವೋಲ್ಟ್ 3 ಆಂಪ್ ಸಪ್ಲೈಯಿಂದ ನೇರ ತಂತಿ ಎಳೆಯಿರಿ, ತಂತಿ ದಪ್ಪಗಿರಲಿ. 28 ಗೇಜಿನ (ಎಡಬ್ಲ್ಯೂಜಿ, ಅಂಕೆ ಹೆಚ್ಚಿದಷ್ಟೂ ತಂತಿ ತೆಳು) ಒಂದು ಮೀಟರ್ ಕೇಬಲ್‌ನಲ್ಲಿ ಹೋಗಿ ಬರುವ ದಾರಿಯ ರೋಧ ಸುಮಾರು 0.43 ಓಮ್. 2 ಆಂಪ್‌ಗೆ 0.85 ವೋಲ್ಟ್ ಅಲ್ಲೇ ಖರ್ಚಾಗಿ ಮೋಡೆಮ್ ಕಳಚಿಕೊಳ್ಳುತ್ತದೆ, ನೀವು ಡ್ರೈವರ್‌ನಲ್ಲಿ ತಪ್ಪು ಹುಡುಕುತ್ತಿರುತ್ತೀರಿ. 20 ಗೇಜ್ ಆದರೆ ನಷ್ಟ 0.13 ವೋಲ್ಟ್.

ಬ್ಯಾಟರಿ ಇರುವ ಗಡಿಯಾರ ಈ ಬೋರ್ಡ್‌ನಲ್ಲಿಲ್ಲ. ಡಿಎಸ್3231 ಗಡಿಯಾರ ಮಾಡ್ಯೂಲನ್ನು ಐ2ಸಿಗೆ (ಚಿಪ್‌ಗಳನ್ನು ಜೋಡಿಸುವ ಎರಡು ತಂತಿಯ ಬಸ್) ಸೇರಿಸಿ. ಇಲ್ಲವಾದರೆ ಕರೆಂಟ್ ಬಂದಾಗ ಹಳೆಯ ತಾರೀಖಿನಲ್ಲಿ ಏಳುತ್ತದೆ, ಸರ್ವರ್‌ನ ಗುರುತು ಖಚಿತಪಡಿಸುವ ಸರ್ಟಿಫಿಕೇಟನ್ನು ಒಪ್ಪುವುದಿಲ್ಲ.

ಆರ್‌ಎಸ್-485ಗೆ 3.3 ವೋಲ್ಟ್‌ನ ಮ್ಯಾಕ್ಸ್3485 ಚಿಪ್ ಹಾಕಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮ್ಯಾಕ್ಸ್485 5 ವೋಲ್ಟ್‌ನದು. ಬೋರ್ಡ್‌ನ ಪಿನ್ 3.3 ವೋಲ್ಟ್ ಮೀರಿದ್ದನ್ನು ತಾಳುವುದಿಲ್ಲ. ಮ್ಯಾಕ್ಸ್3485ಗೆ ಪವರ್ ಬೋರ್ಡ್‌ನ 3.3 ವೋಲ್ಟ್‌ನಿಂದಲೇ ಕೊಡಿ, ಬೋರ್ಡ್ ಏಳುವ ಮುಂಚೆ ಪಿನ್‌ಗೆ ವೋಲ್ಟೇಜ್ ಹೋದರೆ ಬೋರ್ಡ್‌ನ ಪ್ರೊಸೆಸರ್ ಸುಡಬಹುದು. ಲೈನಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕಿ.

ಹತ್ತಾರು ಬೋರ್ಡ್ ಕೊಳ್ಳುವ ಮುನ್ನ ಒಂದನ್ನು ತಂದು ರಿಲೇ ಮೂಲಕ ಪವರ್ ಕೊಡಿ. ಬರೆಯುತ್ತಿರುವಾಗಲೇ, ಹೊತ್ತುಗೊತ್ತಿಲ್ಲದೆ, 200 ಸಲ ಕಡಿದು ನೋಡಿ. ಒಮ್ಮೆ ಏಳದಿದ್ದರೂ ಕಾರಣ ಸಿಗುವವರೆಗೆ ಆರ್ಡರ್ ಹಾಕಬೇಡಿ.