ರಾಜಕೀಯ ಭಾಷಣದ ವಾದಗಳನ್ನು ಬಿಡಿಸಿ ನೋಡುವ ಬಗೆ: ಅಂಬೇಡ್ಕರರ ಒಂದು ಭಾಷಣವನ್ನು ಮುಂದಿಟ್ಟುಕೊಂಡು

ರಾಜಕೀಯ ಭಾಷಣದ ವಾದಗಳನ್ನು ವಿಶ್ಲೇಷಿಸಲು ಹೊರಟವರು ಸಾಮಾನ್ಯವಾಗಿ ತಮಗಾಗದ ನಾಯಕನ ಭಾಷಣವನ್ನೇ ಮೊದಲು ಕೈಗೆತ್ತಿಕೊಳ್ಳುತ್ತಾರೆ. ಒಪ್ಪದ ಮಾತಿನಲ್ಲಿ ಹುಳುಕು ಹುಡುಕಲು ವಿಶೇಷ ಅಭ್ಯಾಸವೇನೂ ಬೇಕಾಗದ ಕಾರಣ, ಅಲ್ಲಿ ಕಲಿಯುವುದು ಕಡಿಮೆ. ನಾವು ತಲೆದೂಗುವ ಭಾಷಣದಿಂದಲೇ ಆರಂಭಿಸುವುದು ಒಳ್ಳೆಯದು. ಆ ಕಾರಣಕ್ಕಾಗಿಯೇ ಇಲ್ಲಿ, 1949ರ ನವೆಂಬರ್ 25ರಂದು ಡಾ. ಬಿ.ಆರ್. ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲಿ, ಸಂವಿಧಾನ ಅಂಗೀಕಾರವಾಗುವ ಹಿಂದಿನ ದಿನ ಮಾಡಿದ ಭಾಷಣವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಮೊದಲು ಭಾಷಣದ ಪೂರ್ಣ ಪಾಠವನ್ನು ಓದಬೇಕು. ಈ ಭಾಷಣದಿಂದ ನಮ್ಮಲ್ಲಿ ಮತ್ತೆ ಮತ್ತೆ ಉದ್ಧರಿಸುವುದು ಕೊನೆಯ ಭಾಗದ ನಾಲ್ಕಾರು ವಾಕ್ಯಗಳನ್ನು ಮಾತ್ರ. ಆದರೆ ವಾದಗಳ ಬಗೆಗಳನ್ನು ಗುರುತಿಸಲು ಅದರ ಪೂರ್ವಾರ್ಧವೂ ಅಷ್ಟೇ ಸಮೃದ್ಧವಾಗಿದೆ. ಓದುವಾಗ, ಭಾಷಣಕಾರರು ಯಾವ ಯಾವ ಆಕ್ಷೇಪಗಳಿಗೆ ಉತ್ತರ ಕೊಡುತ್ತಿದ್ದಾರೆ ಎಂಬುದನ್ನು ಅಂಚಿನಲ್ಲಿ ಬರೆದುಕೊಳ್ಳಬೇಕು. ಸಭೆ ಅತಿಯಾಗಿ ಕಾಲ ತೆಗೆದುಕೊಂಡಿತು ಎಂಬುದು ಒಂದು ಆಕ್ಷೇಪ, ಸಂವಿಧಾನದ ಕರಡನ್ನು ಸಿದ್ಧಪಡಿಸಿದ, ಅಂಬೇಡ್ಕರರೇ ಅಧ್ಯಕ್ಷರಾಗಿದ್ದ ಕರಡು ಸಮಿತಿ ಗುರಿಯಿಲ್ಲದೆ ನಡೆಯಿತು ಎಂಬುದು ಇನ್ನೊಂದು. ಆಕ್ಷೇಪ ಯಾವುದೆಂದು ತಿಳಿಯದೆ ಉತ್ತರದ ತೂಕವನ್ನು ಅಳೆಯಲಾಗದು.

ಅನಂತರ ಪ್ರತಿಯೊಂದು ವಾದವನ್ನೂ ಅದರ ಅಂಗಗಳಾಗಿ ಬಿಡಿಸಬೇಕು. ಇದಕ್ಕೆ ನ್ಯಾಯಶಾಸ್ತ್ರದ ಹಳೆಯ ಪದಗಳೇ ಸಾಕು: ಸಾಧಿಸಬೇಕಾದ ಮಾತು ಪ್ರತಿಜ್ಞೆ, ಅದಕ್ಕೆ ಕೊಡುವ ಕಾರಣ ಹೇತು, ಕಾರಣವನ್ನು ನಂಬುವಂತೆ ಮಾಡುವ ನಿದರ್ಶನ ಉದಾಹರಣೆ. ಇವುಗಳ ನಡುವೆ ಭಾಷಣಕಾರರು ಬಾಯಿಬಿಟ್ಟು ಹೇಳದ, ಆದರೆ ಕೇಳುಗರು ಒಪ್ಪಿಕೊಳ್ಳುತ್ತಾರೆಂದು ಭಾವಿಸಿರುವ ಒಂದು ಕೊಂಡಿ ಇರುತ್ತದೆ. ಅದನ್ನು ನಮ್ಮದೇ ಮಾತಿನಲ್ಲಿ ಬರೆದುಕೊಳ್ಳುವುದು ಈ ಕೆಲಸದ ಅತ್ಯಂತ ಕಷ್ಟದ ಭಾಗ. ವಾದದ ಬಗೆಯನ್ನು ಹೆಸರಿಸಿದ ಮಾತ್ರಕ್ಕೆ ವಿಶ್ಲೇಷಣೆ ಮುಗಿಯುವುದೂ ಇಲ್ಲ. ಪ್ರತಿ ಬಗೆಗೂ ಅದಕ್ಕೇ ಮೀಸಲಾದ ಪ್ರಶ್ನೆಯೊಂದಿದ್ದು, ಆ ಪ್ರಶ್ನೆಯನ್ನು ಕೇಳುವುದಕ್ಕಾಗಿಯೇ ನಾವು ಹೆಸರಿಡುವುದು.

ಹೋಲಿಕೆಯ ವಾದವನ್ನು ನೋಡೋಣ. 1946ರ ಡಿಸೆಂಬರ್ 9ರಿಂದ ಲೆಕ್ಕ ಹಾಕಿದರೆ ಸಭೆಗೆ 2 ವರ್ಷ 11 ತಿಂಗಳು 17 ದಿನ ಹಿಡಿದಿದೆ ಎಂದು ಅಂಬೇಡ್ಕರ್ ಮೊದಲೇ ಒಪ್ಪಿಕೊಳ್ಳುತ್ತಾರೆ. ಅಮೆರಿಕ ಮತ್ತು ದಕ್ಷಿಣ ಆಫ್ರಿಕಾಕ್ಕಿಂತ ನಾವು ಹೆಚ್ಚು ಕಾಲ ತೆಗೆದುಕೊಂಡಿದ್ದರೂ ಕೆನಡಾಕ್ಕಿಂತ ಹೆಚ್ಚಲ್ಲ, ಆಸ್ಟ್ರೇಲಿಯಾಕ್ಕಿಂತ ಬಹಳ ಕಡಿಮೆ ಎನ್ನುವುದು ಅವರ ಮುಂದಿನ ಮಾತು. ಅಷ್ಟಕ್ಕೇ ನಿಲ್ಲಿಸದೆ, ಹೋಲಿಕೆಗೆ ತೆಗೆದುಕೊಂಡ ಸಂವಿಧಾನಗಳೆಲ್ಲ ನಮ್ಮ 395 ವಿಧಿಗಳ ಸಂವಿಧಾನಕ್ಕಿಂತ ಚಿಕ್ಕವು ಎಂದೂ, ಆ ಸಭೆಗಳಿಗೆ ತಿದ್ದುಪಡಿಗಳ ಹೊರೆ ಇರಲಿಲ್ಲ ಎಂದೂ ಸೇರಿಸುತ್ತಾರೆ. ನಮ್ಮಲ್ಲಿ ಸೂಚಿಸಲಾದ ತಿದ್ದುಪಡಿಗಳು ಸುಮಾರು 7,635. ಹೋಲಿಕೆಯ ವಾದಕ್ಕೆ ಕೇಳಬೇಕಾದ ಪ್ರಶ್ನೆ, ಹೋಲಿಸಿದ ಎರಡು ಸಂಗತಿಗಳು ಮುಖ್ಯ ವಿಷಯದಲ್ಲಿ ನಿಜಕ್ಕೂ ಸಮಾನವೇ ಎಂಬುದು. ಇಲ್ಲಿ ಭಾಷಣಕಾರರೇ ಆ ಪ್ರಶ್ನೆಯನ್ನು ಕೇಳಿಕೊಂಡು ವ್ಯತ್ಯಾಸಗಳನ್ನು ಎತ್ತಿ ತೋರಿಸಿದ್ದಾರೆ. ಆದರೂ ನಾವು ಅಳತೆಗೋಲನ್ನು ಪರೀಕ್ಷಿಸಬೇಕು. ಸಭೆ ಕೂತದ್ದು ಒಟ್ಟು 165 ದಿನ, ಅದರಲ್ಲಿ ಕರಡಿನ ಚರ್ಚೆಗೆ ಹೋದದ್ದು 114 ದಿನ ಎಂದು ಅವರೇ ಹೇಳುತ್ತಾರೆ. ಆದರೆ ಬೇರೆ ದೇಶಗಳೊಂದಿಗೆ ಹೋಲಿಸುವಾಗ ಎಣಿಸುವುದು ಮೊದಲಿನಿಂದ ಕೊನೆಯವರೆಗಿನ ಅವಧಿಯನ್ನು. ಅಮೆರಿಕದ ಸಭೆ 1787ರ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ನಡೆದದ್ದರಿಂದ ಅದರ ಇಡೀ ಅವಧಿಯೇ ನಾಲ್ಕು ತಿಂಗಳೊಳಗಿನದು. ಕೂತ ದಿನಗಳನ್ನೇ ಎಣಿಸಿದ್ದರೆ ಅವರ ವಾದಕ್ಕೆ ಇನ್ನಷ್ಟು ಬಲ ಬರುತ್ತಿತ್ತೆಂದು ನನಗೆ ಅನ್ನಿಸುತ್ತದೆ. ವಿಶ್ಲೇಷಣೆಯೆಂದರೆ ಸದಾ ತಪ್ಪು ಹುಡುಕುವುದಲ್ಲ, ಬಳಸದೆ ಬಿಟ್ಟ ಬಲವನ್ನು ಕಾಣುವುದೂ ಅದರಲ್ಲಿ ಸೇರಿದೆ.

ಇದರ ಬೆನ್ನಿಗೇ ವ್ಯಕ್ತಿಯ ಕಡೆಗೆ ತಿರುಗುವ ವಾದವೊಂದು ಬರುತ್ತದೆ. ಸದಸ್ಯ ನಜೀರುದ್ದೀನ್ ಅಹ್ಮದ್ ಅವರು ಡ್ರಾಫ್ಟಿಂಗ್ ಕಮಿಟಿಯನ್ನು (ಕರಡು ಸಮಿತಿಯನ್ನು) ಡ್ರಿಫ್ಟಿಂಗ್ ಕಮಿಟಿ, ಅಂದರೆ ಗೊತ್ತುಗುರಿಯಿಲ್ಲದೆ ತೇಲುವ ಸಮಿತಿ ಎಂದು ಹಂಗಿಸಿದ್ದರು. ಅದಕ್ಕೆ ಕೊಟ್ಟ ಉತ್ತರದಲ್ಲಿ ಎರಡು ಎಳೆಗಳಿವೆ. ಉತ್ತಮವಾದುದನ್ನು ಅರಸುವುದೂ ತೇಲುವುದೂ ಒಂದೇ ಅಲ್ಲ ಎಂದು ಪದದ ಅರ್ಥವನ್ನು ಬೇರ್ಪಡಿಸುವುದು ಒಂದು ಎಳೆ. ಇದು ಸರಿಯಾದ ವಾದ. ಸಭೆಗೆ ಅಹ್ಮದ್ ಯೋಗ್ಯರೆಂದು ಕಂಡಿದ್ದರೆ ಸಮಿತಿಗೆ ನೇಮಿಸಬಹುದಾಗಿತ್ತಲ್ಲ ಎಂಬ ಚುಚ್ಚುಮಾತು ಎರಡನೆಯದು. ವ್ಯಕ್ತಿಯ ಅರ್ಹತೆಯನ್ನು ಎತ್ತಿದಾಗ, ಅದು ಚರ್ಚೆಯ ವಿಷಯಕ್ಕೆ ಸಂಬಂಧಿಸಿದ್ದೇ ಎಂದು ಕೇಳಬೇಕು. ಇಲ್ಲಿ ಅದು ಸಂಬಂಧಿಸಿಲ್ಲ, ಏಕೆಂದರೆ ಸಮಿತಿಯಲ್ಲಿ ಇಲ್ಲದವರ ಟೀಕೆಯೂ ನಿಜವಾಗಿರಬಹುದು. ಇದೇ ಭಾಷಣದಲ್ಲಿ, ತಮಗೆ ಸಂದ ಶ್ರೇಯಸ್ಸಿನಲ್ಲಿ ಒಂದು ಪಾಲು ಸಾಂವಿಧಾನಿಕ ಸಲಹೆಗಾರ, ನಮ್ಮ ಕರಾವಳಿಯ ಬೆನಗಲ್ ನರಸಿಂಗ ರಾವ್ ಅವರದ್ದೆಂದು ಅಂಬೇಡ್ಕರ್ ಹೇಳುತ್ತಾರೆ. ಆ ಮಾತು ಪ್ರಾಮಾಣಿಕವಾಗಿರುವುದರ ಜೊತೆಗೆ ಕೇಳುಗರ ವಿಶ್ವಾಸವನ್ನೂ ಗಳಿಸಿಕೊಡುತ್ತದೆ. ಭಾಷಣಕಾರರ ಶೀಲವೇ ಪ್ರಮಾಣವಾಗಿ ನಿಲ್ಲುವ ಇಂಥ ಮಾತುಗಳನ್ನು ಪ್ರತ್ಯೇಕವಾಗಿ ಗುರುತು ಮಾಡಿಕೊಳ್ಳಬೇಕು.

ಎದುರಾಳಿಗಳ ನಿಲುವನ್ನು ಭಾಷಣಕಾರರೇ ವಿವರಿಸುವ ಕಡೆ ಎಚ್ಚರ ಹೆಚ್ಚು ಬೇಕು. ಮೂಲಭೂತ ಹಕ್ಕುಗಳಿಗೆ ಮಿತಿಯೇ ಇರಬಾರದೆಂದು ಸಮಾಜವಾದಿಗಳು ಕೇಳುವುದು, ಅಧಿಕಾರ ಸಿಗದಿದ್ದರೆ ಪ್ರಭುತ್ವವನ್ನು ಉರುಳಿಸುವ ಸ್ವಾತಂತ್ರ್ಯ ತಮಗಿರಲಿ ಎಂದು ಎಂಬುದು ಈ ಭಾಷಣದಲ್ಲಿ ಬರುವ ವಿವರಣೆ. ಇದು ಉದ್ದೇಶವನ್ನು ಆರೋಪಿಸುವ ವಾದ. ಎದುರಾಳಿಗಳು ಈ ವಿವರಣೆಯನ್ನು ತಮ್ಮದೆಂದು ಒಪ್ಪುತ್ತಿದ್ದರೇ ಎಂದು ಕೇಳಿ, ಅವರ ಮಾತುಗಳನ್ನೇ ಹುಡುಕಿ ಓದುವವರೆಗೆ ತೀರ್ಪನ್ನು ತಡೆಹಿಡಿಯಬೇಕು.

ಇತಿಹಾಸದ ನಿದರ್ಶನಗಳಿಂದ ಕಟ್ಟಿದ ವಾದವನ್ನು ಗುರುತಿಸುವುದು ಸುಲಭ. ಸಿಂಧಿನ ದೊರೆ ದಾಹಿರನ ಸೇನಾಧಿಪತಿಗಳು ಲಂಚ ತೆಗೆದುಕೊಂಡದ್ದು, ಕನೌಜಿನ ದೊರೆ ಜಯಚಂದ್ರ ಮಹಮ್ಮದ್ ಘೋರಿಯನ್ನು ಕರೆತಂದದ್ದು ಮೊದಲಾದ ಪ್ರಸಂಗಗಳನ್ನು ಸಾಲಾಗಿ ಹೇಳಿ, ಭಾರತ ತನ್ನವರ ದ್ರೋಹದಿಂದಲೇ ಸ್ವಾತಂತ್ರ್ಯ ಕಳೆದುಕೊಂಡಿತು, ಮತ್ತೆ ಹಾಗಾದೀತೇ ಎಂದು ಅಂಬೇಡ್ಕರ್ ಕೇಳುತ್ತಾರೆ. ನಿದರ್ಶನಗಳು ದಾಖಲೆಯಿಂದ ಬಂದವೇ ಅಥವಾ ಜನಜನಿತ ಕಥನದಿಂದಲೇ, ವಿರುದ್ಧ ನಿದರ್ಶನಗಳನ್ನು ಬಿಟ್ಟಿದ್ದಾರೆಯೇ ಎಂಬುದನ್ನು ಇಲ್ಲಿ ನೋಡಬೇಕು. ಜಯಚಂದ್ರನ ಪ್ರಸಂಗವನ್ನು ಇತಿಹಾಸಕಾರರೆಲ್ಲರೂ ಒಪ್ಪುವುದಿಲ್ಲ. ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್, ಐರಿಷ್ ನಾಯಕ ಡೇನಿಯಲ್ ಓಕಾನೆಲ್ ಅವರ ಮಾತುಗಳನ್ನು ಕರೆದು ತರುವುದು ಆಪ್ತವಾಕ್ಯದ, ಅಂದರೆ ನಂಬಲರ್ಹರ ಮಾತನ್ನೇ ಆಧಾರವಾಗಿ ಕೊಡುವ ವಾದ. ಅಲ್ಲಿ ಹೆಸರನ್ನು ಅಳಿಸಿ ಓದಿದರೂ ಕಾರಣ ಉಳಿಯುತ್ತದೆಯೇ ಎಂದು ನೋಡಿದರೆ ಸಾಕು.

ಭಾಷಣದ ತಿರುಳಿರುವುದು ಕೊನೆಯ ಮೂರು ಎಚ್ಚರಿಕೆಗಳಲ್ಲಿ. ಸಾಂವಿಧಾನಿಕ ಮಾರ್ಗಗಳು ಇಲ್ಲದಿದ್ದಾಗ ಕಾನೂನುಭಂಗ, ಅಸಹಕಾರ, ಸತ್ಯಾಗ್ರಹಗಳಿಗೆ ಸಮರ್ಥನೆ ಇತ್ತು, ಈಗ ಆ ಮಾರ್ಗಗಳು ತೆರೆದಿರುವುದರಿಂದ ಅದು ಉಳಿದಿಲ್ಲ ಎಂಬುದು ಮೊದಲನೆಯದು. ಇದು ಬದಲಾದ ಸನ್ನಿವೇಶದಿಂದ ಹೊರಡುವ ವಾದ. ವ್ಯಕ್ತಿಪೂಜೆಯ ವಿರುದ್ಧದ ಎರಡನೆಯದರಲ್ಲಿ, ಭಕ್ತಿ ಧರ್ಮದಲ್ಲಿ ಮುಕ್ತಿಗೆ ದಾರಿಯಾದರೂ ರಾಜಕಾರಣದಲ್ಲಿ ಸರ್ವಾಧಿಕಾರಕ್ಕೆ ದಾರಿ ಎಂದು ಎರಡು ಕ್ಷೇತ್ರಗಳನ್ನು ಬೇರ್ಪಡಿಸಲಾಗಿದೆ. ಮೂರನೆಯದು ಪರಿಣಾಮದ ವಾದ: 1950ರ ಜನವರಿ 26ರಿಂದ ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುತ್ತದೆ; ಈ ವೈರುಧ್ಯವನ್ನು ಬೇಗ ನಿವಾರಿಸದಿದ್ದರೆ ನೊಂದವರು ಈ ಪ್ರಜಾಪ್ರಭುತ್ವದ ಕಟ್ಟಡವನ್ನೇ ಸ್ಫೋಟಿಸುತ್ತಾರೆ. ಪರಿಣಾಮದ ವಾದದಲ್ಲಿ ಭಯವೂ ಬೆರೆತಿರುವುದು ಸಹಜ. ಭಾವನೆ ಇದ್ದ ಮಾತ್ರಕ್ಕೆ ವಾದವನ್ನು ತಳ್ಳಿಹಾಕದೆ, ಕಾರಣದಿಂದ ಪರಿಣಾಮಕ್ಕೆ ಹೋಗುವ ಹಾದಿಯನ್ನು ತೋರಿಸಿದ್ದಾರೆಯೇ ಎಂದು ಹುಡುಕಬೇಕು.

ಬಿಡಿಬಿಡಿಯಾಗಿ ನೋಡಿದ ವಾದಗಳನ್ನು ಕೊನೆಯಲ್ಲಿ ಒಂದರ ಪಕ್ಕ ಒಂದಿಟ್ಟು ಓದುವ ಕೆಲಸ ಉಳಿಯುತ್ತದೆ. ಮೊದಲ ಎಚ್ಚರಿಕೆಯ ಒಳಗೆ ಅಡಗಿರುವ ಕೊಂಡಿ, ಸಾಂವಿಧಾನಿಕ ಮಾರ್ಗಗಳು ಎಲ್ಲರಿಗೂ ನಿಜವಾಗಿ ತೆರೆದಿವೆ ಎಂಬುದು. ಮೂರನೆಯ ಎಚ್ಚರಿಕೆಯಾದರೋ, ಸಮಾನ ಮತವಿದ್ದವರಿಗೆಲ್ಲ ಸಮಾನ ಬೆಲೆಯಿಲ್ಲ ಎನ್ನುತ್ತದೆ. ಇವೆರಡೂ ಪರಸ್ಪರ ವಿರುದ್ಧವೇ, ಅಥವಾ ಮೂರನೆಯದು ನೆರವೇರಿದರೆ ಮಾತ್ರ ಮೊದಲನೆಯದು ನಿಲ್ಲುತ್ತದೆ ಎಂದು ಓದಬೇಕೇ? ನಾನು ಎರಡನೆಯ ಓದನ್ನು ಒಪ್ಪುತ್ತೇನೆ. ನಿಮ್ಮ ಟಿಪ್ಪಣಿಯಲ್ಲಿ ಈ ಎರಡು ವಾದಗಳ ನಡುವೆ ಗೆರೆ ಎಳೆದು, ನಿಮ್ಮ ಓದು ಯಾವುದು, ಭಾಷಣದ ಯಾವ ವಾಕ್ಯ ಅದಕ್ಕೆ ಆಧಾರ ಎಂಬುದನ್ನು ಬರೆದಿಡಿ.