ಕೊಲ್ಲಿಯ ಸೆಳೆತದಿಂದ ವಿದ್ಯುತ್: ತೇಲುವ ಟರ್ಬೈನಿನ ನನ್ನ ಅನುಭವ

ಉಬ್ಬರ ಇಳಿತಗಳ ನಡುವೆ ದಿನಕ್ಕೆ ನಾಲ್ಕು ಸಲ ನಿಂತುಹೋಗುವ ನೀರನ್ನು ನಂಬಿ ಯಾರಾದರೂ ಟರ್ಬೈನ್ ಇಳಿಸುತ್ತಾರೆಯೇ ಎಂದು ಕೇಳಿದವರಿಗೆ ಈಗ ಬ್ಯಾಟರಿಯ ಮೀಟರನ್ನೇ ತೋರಿಸುತ್ತೇನೆ. ಕೊಲ್ಲಿಯ ಬಾಯಿ ಕಿರಿದಾಗುವಲ್ಲಿ ತೆಪ್ಪದಡಿ ತೂಗುಬಿಟ್ಟ, ಅಂದಾಜು 1.5 ಚದರ ಮೀಟರ್ ಹರವಿನ ಸುರುಳಿ ರೋಟರ್, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ದಿನಕ್ಕೆ 12 ಯೂನಿಟ್‌ವರೆಗೂ, ಅಷ್ಟಮಿ ಕಳೆದ ಮಂದ ದಿನಗಳಲ್ಲಿ 2 ಯೂನಿಟ್ಟಿನಷ್ಟೂ ಕೊಡುತ್ತಿದೆ. ಸೆಕೆಂಡಿಗೆ 2 ಮೀಟರ್ ಸೆಳೆತವಿದ್ದಾಗ ಸುಮಾರು ಒಂದೂವರೆ ಕಿಲೋವಾಟ್ ಬರುತ್ತದೆ. ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರಿಳಿಯುವುದರಿಂದ, ವೇಗ ಅರ್ಧಕ್ಕಿಳಿದರೆ ಎಂಟನೇ ಒಂದು ಪಾಲಷ್ಟೇ ಉಳಿಯುತ್ತದೆ.

ಮೊದಲ ಯಂತ್ರವನ್ನು ತಳದಲ್ಲಿ ಕೂರಿಸಿದ್ದೆ. ತಳದ ಹತ್ತಿರ ಸೆಳೆತವೇ ಮಂದ. ಜೊತೆಗೆ ಮುಳುಗುಗಾರನು ನೀರು ನಿಂತ ಅರ್ಧ ಗಂಟೆಯೊಳಗೇ ಕೆಲಸ ಮುಗಿಸಬೇಕಾದ್ದರಿಂದ, ಒಂದು ಬೋಲ್ಟ್ ಬದಲಿಸಲು ಎರಡು ಮೂರು ಇಳಿತಗಳಿಗೆ ಕಾಯಬೇಕಾಗುತ್ತಿತ್ತು. ಶಾಫ್ಟಿನ ಸೀಲ್ ಸೋರಿ ಜನರೇಟರಿಗೆ ಉಪ್ಪುನೀರು ನುಗ್ಗಿತು. ಸ್ಟೀಲ್ ಬೋಲ್ಟ್ ತಾಗಿದ ಕಡೆಯಲ್ಲೆಲ್ಲ ಅಲ್ಯೂಮಿನಿಯಂ ಚೌಕಟ್ಟು ಪುಡಿಯಾಗತೊಡಗಿತು. ಕೊನೆಗೆ ಮುಳುಗುಗಾರನಿಗೆ ತೆತ್ತ ಹಣ ಜನರೇಟರಿನ ಬೆಲೆಯನ್ನೇ ಮೀರಿತು.

ಉತ್ತರ ಐರ್ಲೆಂಡಿನ ಸ್ಟ್ರಾಂಗ್‌ಫರ್ಡ್ ಕೊಲ್ಲಿಯಲ್ಲಿ 2008ರಲ್ಲಿ ನಿಲ್ಲಿಸಿದ 1.2 ಮೆಗಾವಾಟಿನ ಸೀಜೆನ್ ಎಂಬ ಉಬ್ಬರವಿಳಿತದ ಟರ್ಬೈನಿನ ರೋಟರುಗಳನ್ನು ರಿಪೇರಿಗಾಗಿ ನೀರಿನ ಮೇಲಕ್ಕೆ ಎತ್ತಬಹುದಾಗಿತ್ತು. ಅಷ್ಟು ದೊಡ್ಡವರೇ ಎತ್ತುವ ವ್ಯವಸ್ಥೆಗೆ ದುಡ್ಡು ಸುರಿದಿದ್ದಾರೆಂದ ಮೇಲೆ ದಕ್ಷತೆಯ ಹಿಂದೆ ಬೀಳುವುದನ್ನು ಬಿಟ್ಟೆ. ಈಗ ಜನರೇಟರ್ ತೆಪ್ಪದ ಮೇಲೆ ಒಣಗಿದ ಜಾಗದಲ್ಲಿದೆ, ಸೀಲಿನ ಗೊಡವೆಯೇ ಇಲ್ಲ. ಕೀಲು ಕಂಬದ ಮೇಲೆ ರೋಟರನ್ನು ಒಬ್ಬನೇ ಎತ್ತಿ ಅಂಟಿದ ಬಾರ್ನಕಲ್ ಚಿಪ್ಪುಗಳನ್ನು ಕೆರೆಯುತ್ತೇನೆ, ಉಳಿದ ಲೋಹದ ಬದಲು ತಾವೇ ಸವೆದು ಅದನ್ನು ಕಾಯುವ ಸತುವಿನ ತುಂಡುಗಳನ್ನು ಬದಲಿಸುತ್ತೇನೆ. ಸೆಳೆತ ಯಾವ ಕಡೆಯಿಂದ ಬಂದರೂ ಈ ರೋಟರ್ ಒಂದೇ ದಿಕ್ಕಿಗೆ ತಿರುಗುತ್ತದೆ; ತೆಪ್ಪ ಮಾತ್ರ ತಿರುಗಿ ಹಗ್ಗ ಹುರಿಗೊಳ್ಳುತ್ತಿತ್ತು. ನಾಲ್ಕು ಹಗ್ಗಗಳ ಉದ್ದವನ್ನು ಒಂದು ಬಗೆಯಲ್ಲಿ ಹೊಂದಿಸಿ ಅದನ್ನು ನಿಲ್ಲಿಸಿದ್ದೇನೆ, ಆ ಅಳತೆಯನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ.

ನಡುವೆ ಸೆಳೆತವನ್ನು ಒಗ್ಗೂಡಿಸುವ ಫೈಬರ್ ಗವಸನ್ನೂ ರೋಟರಿನ ಸುತ್ತ ಕಟ್ಟಿ ನೋಡಿದೆ. ಉತ್ಪಾದನೆ ಕಾಲು ಭಾಗ ಏರಿತು, ಆದರೆ ಹಗ್ಗಗಳ ಮೇಲಿನ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಯಿತು, ಕಡಲಕಳೆ ಬೇರೆ ತುಂಬಿಕೊಂಡಿತು. ಬಿಚ್ಚಿ ದಡಕ್ಕೆ ಹಾಕಿದೆ.

ಈ ಎರಡನೇ ಯಂತ್ರದ ಖರ್ಚಿನಲ್ಲಿ ರೋಟರ್, ಜನರೇಟರ್ ಸೇರಿದರೂ ಮೂರನೇ ಒಂದು ಪಾಲು ದಾಟಲಿಲ್ಲ. ಅರ್ಧದಷ್ಟು ಹೋದದ್ದು ಲಂಗರು, ಸರಪಳಿ, ಹಗ್ಗಗಳಿಗೆ. ಸರಪಳಿಯ ತುದಿ ಮರಳಿಗೆ ಉಜ್ಜಿ ವರ್ಷದೊಳಗೆ ಸವೆಯುವುದರಿಂದ, ಅದನ್ನು ಬದಲಿಸುವ ಹಣವನ್ನು ಮೊದಲ ಅಂದಾಜಿನಲ್ಲೇ ಸೇರಿಸಿಕೊಳ್ಳಿ.