ಸಾಲಿನ ಕೊನೆಯಲ್ಲಿ ನಡೆಯುವವರು

ಮೊದಲ ಸಲ ನಾನು ಅರ್ಜಿ ಹಾಕಿದ್ದು ಯಾರಿಗೋ ಸಹಾಯ ಮಾಡಬೇಕು ಅಂತೇನಲ್ಲ. ಕಾಲೇಜಿಗೆ ಹೊಸದಾಗಿ ಸೇರಿದವರಿಗೆ ಮೊದಲ ವಾರ ಜೊತೆಗಿದ್ದು ದಾರಿ ತೋರಿಸುವ ಓರಿಯಂಟೇಶನ್ ಲೀಡರ್ ಆದವರಿಗೆ ಒಂದು ಟೀ ಶರ್ಟ್, ಒಂದು ಸರ್ಟಿಫಿಕೇಟ್, ಜೊತೆಗೆ ಎಲ್ಲರಿಗಿಂತ ಒಂದು ವಾರ ಮುಂಚೆ ಹಾಸ್ಟೆಲ್‌ಗೆ ಬಂದು ಒಳ್ಳೆಯ ರೂಮ್ ಹಿಡಿಯುವ ಅವಕಾಶ ಸಿಗುತ್ತಿತ್ತು. ಕಿಟಕಿ ಪಕ್ಕದ ಮಂಚಕ್ಕಾಗಿ ಅರ್ಜಿ ತುಂಬಿದೆ ಅಂದರೂ ನಡೆಯುತ್ತೆ. ಆಯ್ಕೆ ಆಗಲಿಲ್ಲ.

ಆಗ ನನಗೆ ಅರ್ಥವೇ ಆಗಿರಲಿಲ್ಲ. ಗ್ರೂಪ್ ಇಂಟರ್‌ವ್ಯೂನಲ್ಲಿ 8 ಜನ ಇದ್ದೆವು. 'ಹೊಸ ವಿದ್ಯಾರ್ಥಿಯೊಬ್ಬ ಎರಡನೇ ದಿನವೇ ಮನೆಗೆ ಹೋಗ್ತೀನಿ ಅಂತ ಬ್ಯಾಗ್ ತುಂಬಿಕೊಂಡಿದ್ದಾನೆ, ಏನು ಮಾಡ್ತೀರಿ?' ಅಂತ ಕೇಳಿ, 15 ನಿಮಿಷ ನಮ್ಮನಮ್ಮಲ್ಲೇ ಮಾತಾಡಿಕೊಳ್ಳಿ ಅಂದರು. ನಾನು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಪಾಯಿಂಟ್ ಮೇಲೆ ಪಾಯಿಂಟ್. ಹೊರಗೆ ಬಂದಾಗ ಇದು ನನಗೇ ಅಂತ ಖಾತ್ರಿಯಾಗಿತ್ತು.

ಎರಡು ವರ್ಷ ಆದಮೇಲೆ ಅದೇ ರೂಮಿನಲ್ಲಿ, ಮೇಜಿನ ಆ ಕಡೆ ಕೂತು, ಆಯ್ಕೆ ಮಾಡುವವರ ಜೊತೆ ಅಂಕ ಹಾಕುವ ಕೆಲಸ ನನಗೆ ಬಂತು. ಆಗ ಗುಟ್ಟು ಗೊತ್ತಾಯಿತು. ಉತ್ತರ ಎಷ್ಟು ಚೆನ್ನಾಗಿದೆ ಅಂತ ಅಲ್ಲಿ ಯಾರೂ ಅಷ್ಟಾಗಿ ನೋಡುವುದಿಲ್ಲ. 8 ಜನರಲ್ಲಿ ಒಬ್ಬರಾದರೂ ಬಾಯಿ ಬಿಡದೆ ಕೂತಿರುತ್ತಾರೆ. ಅವರ ಕಡೆ ತಿರುಗಿ 'ನಿಮಗೇನು ಅನ್ಸುತ್ತೆ?' ಅಂತ ಕೇಳುವವರು ಯಾರು ಅನ್ನುವುದನ್ನು ನೋಡುತ್ತಾರೆ. ನನ್ನ ಆ ಇಂಟರ್‌ವ್ಯೂನಲ್ಲೂ ಮೂಲೆಯಲ್ಲಿ ಒಬ್ಬ ಹುಡುಗ ಸುಮ್ಮನೆ ಕೂತಿದ್ದ. ಇವತ್ತಿಗೂ ಅವನ ಮುಖ ನನಗೆ ನೆನಪಿಲ್ಲ. ಅಂಕ ಯಾಕೆ ಬರಲಿಲ್ಲ ಅನ್ನುವುದಕ್ಕೆ ಇಷ್ಟು ಸಾಕು ಅಲ್ವಾ.

ಎರಡನೇ ಸಲ ಅರ್ಜಿ ಬರೆಯುವಾಗ ಈ ಗುಟ್ಟು ಇನ್ನೂ ಗೊತ್ತಿರಲಿಲ್ಲ. ಆದರೆ ಸೋತಿದ್ದರಿಂದ ಸ್ವಲ್ಪ ತಗ್ಗಿದ್ದೆ. 'ನಾನು ನಾಯಕತ್ವ ಗುಣ ಇರುವವಳು' ಅನ್ನುವ ಸಾಲುಗಳನ್ನೆಲ್ಲ ಹೊಡೆದುಹಾಕಿದೆ. ಅದರ ಬದಲು, ನನ್ನ ಮೊದಲ ವಾರದಲ್ಲಿ ತಪ್ಪು ಕ್ಲಾಸಿನಲ್ಲಿ ಪೂರ್ತಿ ಒಂದು ಗಂಟೆ ಕೂತಿದ್ದನ್ನು ಬರೆದೆ. ಅದು ಮೂರನೇ ವರ್ಷದವರ ಕ್ಲಾಸ್ ಅಂತ 10 ನಿಮಿಷಕ್ಕೇ ಗೊತ್ತಾಗಿತ್ತು. ಎಲ್ಲರೂ ನೋಡುತ್ತಾರಲ್ಲ ಅಂತ ಎದ್ದು ಹೋಗಲು ಧೈರ್ಯ ಸಾಲಲಿಲ್ಲ, ನೋಟ್ಸ್ ಬರೆದುಕೊಳ್ಳುವ ಹಾಗೆ ನಟಿಸುತ್ತಾ ಕೂತೆ. ಇಂಟರ್‌ವ್ಯೂನಲ್ಲಿ ಅದನ್ನೇ ಕೇಳಿ ನಕ್ಕರು. ಈ ಸಲ ತಗೊಂಡರು.

ತರಬೇತಿ ಮೂರು ದಿನ. ಅರ್ಧದಷ್ಟು ನೀರಸ: ಫಾರಂಗಳು, ಟೈಮ್‌ಟೇಬಲ್, ಬೆಂಕಿ ಬಿದ್ದರೆ ಎಲ್ಲಿ ಸೇರಬೇಕು ಅನ್ನುವುದು. ಆದರೆ ಎರಡು ಮಾತು ಈಗಲೂ ಉಪಯೋಗಕ್ಕೆ ಬರುತ್ತಿವೆ. ಒಂದು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ಆದರೆ ಅಲ್ಲಿಗೇ ಬಿಡಬೇಡ, ಗೊತ್ತಿರುವವರ ಹತ್ತಿರ ಜೊತೆಯಲ್ಲೇ ಹೋಗು. ಕೈ ತೋರಿಸಿ ದಾರಿ ಹೇಳುವುದು ಬೇರೆ, ಜೊತೆಗೆ ನಡೆಯುವುದೇ ಬೇರೆ. ಹೊಸಬರು 'ಗೊತ್ತಾಯ್ತು' ಅಂತ ತಲೆಯಾಡಿಸಿ, ಮೂಲೆ ತಿರುಗಿದ ಮೇಲೆ ಮತ್ತೆ ಕಳೆದುಹೋಗುತ್ತಾರೆ. ಎರಡು, 'ಯಾರಿಗೂ ಹೇಳಲ್ಲ' ಅಂತ ಯಾವತ್ತೂ ಮಾತು ಕೊಡಬೇಡ. ಯಾರೋ ತಮ್ಮ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಮಾತಾಡಿದರೆ, ಯಾರೋ ರ‍್ಯಾಗಿಂಗ್ ಮಾಡುತ್ತಿದ್ದಾರೆ ಅಂತ ಗೊತ್ತಾದರೆ, ನೀನು ಹೇಳಲೇಬೇಕಾಗುತ್ತೆ. ಮಾತು ಕೊಟ್ಟು ಆಮೇಲೆ ಮುರಿದರೆ ಆ ಹುಡುಗ ಇನ್ಯಾರನ್ನೂ ನಂಬುವುದಿಲ್ಲ.

ನನ್ನ ಗುಂಪಿಗೆ 22 ಜನ ಸಿಕ್ಕರು. ನಾನು 40 ನಿಮಿಷದ ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಲೈಬ್ರರಿ ನಿಯಮ, ಹಾಜರಾತಿ, ಕ್ರೆಡಿಟ್ ಲೆಕ್ಕ, ಕ್ಲಬ್‌ಗಳು, ಸ್ಕಾಲರ್‌ಶಿಪ್, ಒಂದೂ ಬಿಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಸುಮ್ನೆ ಕುತೂಹಲಕ್ಕೆ ಕೇಳಿದೆ, ನಿನ್ನೆ ಹೇಳಿದ್ದರಲ್ಲಿ ಏನು ನೆನಪಿದೆ ಅಂತ. ವೈಫೈ ಪಾಸ್‌ವರ್ಡ್ ಎಲ್ಲರಿಗೂ ನೆನಪಿತ್ತು. ಟಾಯ್ಲೆಟ್ ಎಲ್ಲಿದೆ ಅಂತ ಗೊತ್ತಿತ್ತು. ಹಾಜರಾತಿ ಬಗ್ಗೆ ಏನೋ ಹೇಳಿದ್ರಿ ಅಕ್ಕಾ, ಅಂದಳು ಒಬ್ಬಳು. ಅಷ್ಟೇ.

ಹರ್ಮನ್ ಎಬ್ಬಿಂಗ್‌ಹಾಸ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ್ದ. ಮರೆವು ನಿಧಾನವಾಗಿ ಬರುವುದಿಲ್ಲ, ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚಿನದು ಸೋರಿಹೋಗುತ್ತದೆ ಅಂತ ಅವನಿಗೆ ಕಂಡಿತು. ನನ್ನ ಭಾಷಣ ಎಲ್ಲಿಗೆ ಹೋಯಿತು ಅಂತ ಹುಡುಕುವ ಅಗತ್ಯವೇ ಇರಲಿಲ್ಲ. ಅದರ ಮೇಲೆ ಆ ಮಕ್ಕಳು ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದಿದ್ದರು, ಅಪ್ಪ ಅಮ್ಮನನ್ನು ಆಗಷ್ಟೇ ಕಳಿಸಿಕೊಟ್ಟಿದ್ದರು. ಕ್ರೆಡಿಟ್ ಲೆಕ್ಕ ಯಾರ ತಲೆಗೆ ಹೋಗಬೇಕು?

ಆಮೇಲಿಂದ ಮೊದಲ ದಿನ ಮೂರೇ ವಿಷಯ ಹೇಳುತ್ತೇನೆ. ನಾಳೆ ಬೆಳಿಗ್ಗೆ ಎಲ್ಲಿಗೆ ಬರಬೇಕು. ಯಾವ ಕಾಗದ ಕಳೆದುಕೊಳ್ಳಬಾರದು. ಏನಾದರೂ ಆದರೆ ಯಾರನ್ನು ಕೇಳಬೇಕು. ಉಳಿದದ್ದು ಬೇಕಾದಾಗ. ಹಾಜರಾತಿ ಬಗ್ಗೆ ಎರಡನೇ ವಾರ ಹೇಳಿದರೆ ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಾರೆ, ಯಾಕೆಂದರೆ ಅಷ್ಟು ಹೊತ್ತಿಗೆ ಒಂದು ಕ್ಲಾಸ್ ತಪ್ಪಿಸಿಕೊಂಡಿರುತ್ತಾರೆ.

ಇನ್ನು ಆ ವರ್ಷದ ದೊಡ್ಡ ತಪ್ಪು. ಎರಡನೇ ದಿನ ಕ್ಯಾಂಪಸ್ ಸುತ್ತಾಡಿಸುವ ಕೆಲಸ. ನಾನು ಮುಂದೆ, ಹಿಂದೆ ಹಿಂದೆಯೇ ನಡೆಯುತ್ತಾ, ಅಂದರೆ ಮುಖ ಅವರ ಕಡೆ ಮಾಡಿಕೊಂಡು, ಮಾತಾಡುತ್ತಾ ಹೋಗುತ್ತಿದ್ದೆ. ಚೆನ್ನಾಗಿ ಮಾಡುತ್ತಿದ್ದೇನೆ ಅಂತ ನನಗೇ ಖುಷಿ. ಕೊನೆಯಲ್ಲಿ ಎಣಿಸಿದರೆ 21. ಮತ್ತೆ ಎಣಿಸಿದೆ. 21. ವಾಪಸ್ ಓಡಿದೆ. ಸೈನ್ಸ್ ಬ್ಲಾಕಿನ ಮೆಟ್ಟಿಲ ಬುಡದಲ್ಲಿ, ಗೋಡೆಗೆ ಒರಗಿ ಫೋನ್ ನೋಡುತ್ತಾ ಒಬ್ಬ ಹುಡುಗ ಕೂತಿದ್ದ. ಅವನಿಗೆ ಮಂಡಿ ಆಪರೇಷನ್ ಆಗಿತ್ತಂತೆ, ಮೂರು ಮಹಡಿ ಹತ್ತಲು ಆಗುತ್ತಿರಲಿಲ್ಲ. ಕುಂಟುವುದು ಎದ್ದು ಕಾಣುವಂತೇನೂ ಇರಲಿಲ್ಲ. 'ಹೇಳೋದಲ್ವಾ?' ಅಂದೆ. 'ಹೇಳಿದೆ ಅಕ್ಕಾ, ನಿಮಗೆ ಕೇಳಿಸಲಿಲ್ಲ ಅನ್ಸುತ್ತೆ. ಪರವಾಗಿಲ್ಲ' ಅಂದ. ಆ 'ಪರವಾಗಿಲ್ಲ' ನನಗೆ ಚುಚ್ಚಿತು. 20 ನಿಮಿಷ ಒಬ್ಬನೇ ಕೂತಿದ್ದ ಹುಡುಗ ನನ್ನನ್ನೇ ಸಮಾಧಾನ ಮಾಡುತ್ತಿದ್ದ.

ಅವತ್ತು ಸಂಜೆ ನಾನೊಬ್ಬಳೇ ಅದೇ ದಾರಿಯನ್ನು ಮತ್ತೆ ನಡೆದೆ, ಒಂದು ಮೆಟ್ಟಿಲನ್ನೂ ಹತ್ತದೆ. ಲಿಫ್ಟ್ ಎಲ್ಲಿದೆ, ಇಳಿಜಾರು ದಾರಿ ಯಾವ ಬಾಗಿಲಿಗೆ ಸೇರುತ್ತದೆ, ಎಲ್ಲಿ ಕೂರಲು ಬೆಂಚ್ ಇದೆ ಅಂತ ಬರೆದುಕೊಂಡೆ. ಎರಡು ವರ್ಷದಿಂದ ಓಡಾಡುತ್ತಿದ್ದ ಜಾಗ. ಆದರೂ ಲೈಬ್ರರಿಗೆ ಹಿಂದಿನಿಂದ ಒಂದು ಸಪಾಟು ದಾರಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಈಗ ಎಲ್ಲರನ್ನೂ ಆ ದಾರಿಯಲ್ಲೇ ಕರೆದುಕೊಂಡು ಹೋಗುತ್ತೇನೆ. ಯಾರಿಗೆ ತೊಂದರೆ ಇದೆ ಅಂತ ಎಲ್ಲರ ಮುಂದೆ ಕೇಳುವ ಪ್ರಮೇಯವೇ ಬರುವುದಿಲ್ಲ.

ಇನ್ನೊಂದು ಬದಲಾವಣೆಯೂ ಆಯಿತು. ಇಬ್ಬರು ಲೀಡರ್‌ಗಳಿದ್ದರೆ ಮುಂದೆ ಹೋಗುವ ಕೆಲಸಕ್ಕೆ ಎಲ್ಲರೂ ಕೈ ಎತ್ತುತ್ತಾರೆ. ನಾನು ಹಿಂದೆ ಉಳಿಯಲು ಶುರು ಮಾಡಿದೆ. ನಿಜವಾದ ಕೆಲಸ ಅಲ್ಲೇ ಇರುವುದು. ಸುಸ್ತಾದವರು, ಫೀಸ್ ರಸೀದಿ ಸಿಗದೆ ಬ್ಯಾಗ್ ತಡಕುವವರು, ಭಾಷೆ ಅರ್ಧಂಬರ್ಧ ಅರ್ಥವಾಗುವವರು, ಯಾರ ಜೊತೆ ನಡೆಯಬೇಕು ಅಂತ ಗೊತ್ತಾಗದವರು, ಎಲ್ಲರೂ ತಾವಾಗಿಯೇ ಸಾಲಿನ ಕೊನೆಗೆ ಬಂದು ಸೇರುತ್ತಾರೆ. ಮುಂದೆ ಇರುವವರು ಪ್ರಶ್ನೆ ಕೇಳುತ್ತಾರೆ. ಹಿಂದೆ ಇರುವವರು ಪ್ರಶ್ನೆ ಇಟ್ಟುಕೊಂಡಿರುತ್ತಾರೆ.

ಹೆಸರುಗಳ ಬಗ್ಗೆ ನನ್ನದೊಂದು ಪದ್ಧತಿ ಇದೆ. ರಾತ್ರಿ ಮಲಗುವ ಮುಂಚೆ ಪಟ್ಟಿ ನೋಡದೆ ಎಲ್ಲರ ಹೆಸರನ್ನೂ ಬರೆಯುತ್ತೇನೆ. ಮೊದಲ ರಾತ್ರಿ 13 ಬಂದರೆ ಹೆಚ್ಚು. ಇದು ನೆನಪಿನ ಶಕ್ತಿ ಬೆಳೆಸಿಕೊಳ್ಳಲು ಅಲ್ಲ. ನೆನಪಾಗದ ಆ 9 ಜನ ಯಾರೋ, ಮಾರನೇ ದಿನ ಮೊದಲು ಅವರ ಪಕ್ಕ ಹೋಗಿ ಕೂರುತ್ತೇನೆ. ನನಗೆ ನೆನಪಿಲ್ಲ ಅಂದರೆ ಅವರು ಇಡೀ ದಿನ ಯಾರ ಕಣ್ಣಿಗೂ ಬಿದ್ದಿಲ್ಲ ಅಂತಲೇ ಲೆಕ್ಕ. ಮತ್ತೆ, ಉದ್ದದ ಹೆಸರನ್ನು ನಾವಾಗಿ ಮೊಟಕು ಮಾಡಬಾರದು. 'ಹೇಗೆ ಹೇಳಬೇಕು?' ಅಂತ ಕೇಳಿ, ಎರಡು ಸಲ ತಪ್ಪು ಹೇಳಿ, ಮೂರನೇ ಸಲ ಸರಿಯಾಗಿ ಹೇಳಿದರೆ ಆ ಮುಖ ಅರಳುತ್ತದೆ.

ಹೊಸಬರ ಸಂಕೋಚ ಬಿಡಿಸಲು ಆಡಿಸುವ ಐಸ್ ಬ್ರೇಕರ್ ಆಟಗಳು ನನಗೆ ಆಗಿಬರುವುದಿಲ್ಲ. 'ನಿಮ್ಮ ಬಗ್ಗೆ ಏನಾದರೂ ವಿಶೇಷ ಹೇಳಿ' ಅಂದ ತಕ್ಷಣ ಅರ್ಧ ಜನಕ್ಕೆ ತಮ್ಮಲ್ಲಿ ವಿಶೇಷ ಏನೂ ಇಲ್ಲ ಅನ್ನಿಸಿಬಿಡುತ್ತದೆ. ಅದರ ಬದಲು ಇಬ್ಬಿಬ್ಬರಿಗೆ ಒಂದು ಸಣ್ಣ ಕೆಲಸ ಕೊಡುತ್ತೇನೆ. ನೀವಿಬ್ಬರೂ ಹೋಗಿ ನಾಳೆಯ ಕ್ಲಾಸ್ ರೂಮ್ ಹುಡುಕಿ ಬನ್ನಿ. ನೀವಿಬ್ಬರೂ ಐಡಿ ಕಾರ್ಡ್ ಕೌಂಟರ್ ಎಷ್ಟು ಗಂಟೆಗೆ ಮುಚ್ಚುತ್ತೆ ಕೇಳಿ ಬನ್ನಿ. ಇಬ್ಬರೂ ಒಟ್ಟಿಗೆ ದಾರಿ ತಪ್ಪಿದರೆ ಇನ್ನೂ ಒಳ್ಳೆಯದು, ವಾಪಸ್ ಬರುವಾಗ ನಗುತ್ತಾ ಬರುತ್ತಾರೆ. ಮನಶ್ಶಾಸ್ತ್ರಜ್ಞೆ ಎರಿಕಾ ಬೂತ್‌ಬಿ ಮತ್ತು ಜೊತೆಯವರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಪರಿಚಿತರ ಜೊತೆ ಮಾತಾಡಿದ ಮೇಲೆ ನಾವು 'ಅವರಿಗೆ ನಾನು ಅಷ್ಟೇನೂ ಇಷ್ಟ ಆಗಿಲ್ಲ' ಅಂದುಕೊಳ್ಳುತ್ತೇವೆ, ನಿಜಕ್ಕೂ ಅವರಿಗೆ ನಾವು ಅದಕ್ಕಿಂತ ಜಾಸ್ತಿ ಇಷ್ಟ ಆಗಿರುತ್ತೇವೆ ಅಂತ ಅದು ಹೇಳುತ್ತದೆ. ಹಾಸ್ಟೆಲಿನಲ್ಲಿ ಒಟ್ಟಿಗೆ ಇದ್ದವರಲ್ಲೂ ಈ ತಪ್ಪು ಲೆಕ್ಕ ತಿಂಗಳುಗಟ್ಟಲೆ ಉಳಿದಿತ್ತು. ಇದನ್ನು ನಾನು ಗುಂಪಿಗೆ ನೇರವಾಗಿ ಹೇಳಿಬಿಡುತ್ತೇನೆ. 'ಇವತ್ತು ಮಾತಾಡಿದವರ ಹತ್ತಿರ ನಾಳೆಯೂ ಹೋಗಿ. ಅವರೂ ನಿಮ್ಮ ಹಾಗೇ ಯೋಚಿಸ್ತಾ ಇರ್ತಾರೆ.'

ಅಪ್ಪ ಅಮ್ಮಂದಿರ ಬಗ್ಗೆ ಒಂದೇ ಮಾತು. ಪ್ರಶ್ನೆ ಅಪ್ಪ ಕೇಳಿದರೂ ಉತ್ತರವನ್ನು ಮಗಳ ಮುಖ ನೋಡಿ ಹೇಳಿ.

ಮೊದಲ ವಾರ ಮುಗಿದರೆ ಕೆಲಸ ಮುಗಿಯಿತು ಅಂತ ಟೀ ಶರ್ಟ್ ಮಡಚಿ ಇಡುವವರೇ ಹೆಚ್ಚು. ನಾನೂ ಇಟ್ಟಿದ್ದೆ. ಆದರೆ ಅಳು ಬರುವುದು ಮೊದಲ ವಾರದಲ್ಲಿ ಅಲ್ಲ, ಮೂರನೇ, ನಾಲ್ಕನೇ ವಾರದಲ್ಲಿ. ಮೊದಲ ಟೆಸ್ಟ್ ಅಂಕ ಬಂದಿರುತ್ತದೆ, ಉಳಿದವರೆಲ್ಲ ಗುಂಪು ಕಟ್ಟಿಕೊಂಡ ಹಾಗೆ ಕಾಣುತ್ತದೆ, 'ನಾನು ಇಲ್ಲಿಗೆ ಸೇರಿದವನಲ್ಲ' ಅನ್ನಿಸತೊಡಗುತ್ತದೆ. ಆಗ ಒಂದು ಗಂಟೆ ಎಲ್ಲರನ್ನೂ ಮತ್ತೆ ಸೇರಿಸುತ್ತೇನೆ. ನನ್ನ ತಪ್ಪು ಕ್ಲಾಸಿನ ಕಥೆ, ಮೊದಲ ಟೆಸ್ಟಿನಲ್ಲಿ ಫೇಲಾದದ್ದು, ಒಬ್ಬಳೇ ಮೆಸ್‌ಗೆ ಹೋಗಲು ನಾಚಿಕೆಯಾಗಿ ಎಲ್ಲರೂ ಹೋಗುವ ಹೊತ್ತಿನಲ್ಲಿ ಲೈಬ್ರರಿಯಲ್ಲಿ ಕೂರುತ್ತಿದ್ದದ್ದು, ಅದು ಯಾವಾಗ ನಿಂತಿತು ಅನ್ನುವುದು, ಇಷ್ಟನ್ನೂ ಹೇಳುತ್ತೇನೆ.

ಇದು ಬರೀ ನನ್ನ ಅನಿಸಿಕೆ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ಅನ್ನುವ ಮನಶ್ಶಾಸ್ತ್ರಜ್ಞರು 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನೇ ಬರೆದಿದ್ದರು. ಅಮೆರಿಕದ ಒಂದು ಕಾಲೇಜಿನಲ್ಲಿ ಹೊಸಬರಿಗೆ ಸುಮಾರು ಒಂದು ಗಂಟೆ ಹೊತ್ತು, 'ನಮಗೂ ಹೀಗೇ ಅನ್ನಿಸಿತ್ತು, ಕ್ರಮೇಣ ಹೋಯಿತು' ಅನ್ನುವ ಸೀನಿಯರ್‌ಗಳ ಅನುಭವಗಳನ್ನು ಓದಿಸಿದ್ದರು. ಅದನ್ನು ಓದಿದ ಕಪ್ಪು ವಿದ್ಯಾರ್ಥಿಗಳ ಅಂಕಗಳು ಮುಂದಿನ ಮೂರು ವರ್ಷ ಏರಿದ್ದವು. 2023ರಲ್ಲಿ 22 ಕಾಲೇಜುಗಳಲ್ಲಿ ದೊಡ್ಡ ಮಟ್ಟದಲ್ಲಿ ಮತ್ತೆ ಮಾಡಿ ನೋಡಿದಾಗ ಇನ್ನೊಂದು ವಿಷಯ ತಿಳಿಯಿತು. ಸೇರಿಕೊಳ್ಳಲು ನಿಜವಾಗಿ ಅವಕಾಶ ಇದ್ದ ಕಡೆ ಮಾತ್ರ ಇದು ಕೆಲಸ ಮಾಡುತ್ತದೆ. ಮಾತು ಒಂದೇ ಸಾಲದು, ಕೂರಲು ಒಂದು ಜಾಗವೂ ಬೇಕು. ಹಾಗಾಗಿ ಕಥೆ ಮುಗಿದ ಮೇಲೆ ಯಾವ ಕ್ಲಬ್ ಯಾವತ್ತು ಸೇರುತ್ತದೆ ಅಂತ ಹೇಳಿ, ಮೊದಲ ಸಲ ನಾನೇ ಜೊತೆಗೆ ಹೋಗುತ್ತೇನೆ.

ಎಲ್ಲಿ ನಿಲ್ಲಿಸಬೇಕು ಅನ್ನುವುದು ನನಗೆ ತಡವಾಗಿ ಗೊತ್ತಾಯಿತು. ಒಬ್ಬ ಹುಡುಗಿ ದಿನಾ ರಾತ್ರಿ 1 ಗಂಟೆಗೆ ಫೋನ್ ಮಾಡುತ್ತಿದ್ದಳು. ಮೂರು ವಾರ ಎತ್ತಿದೆ. ನನ್ನ ಅಸೈನ್‌ಮೆಂಟ್ ಹೋಯಿತು, ನಿದ್ದೆ ಹೋಯಿತು, ಅವಳ ಕಷ್ಟ ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ನಮ್ಮನ್ನು ನೋಡಿಕೊಳ್ಳುತ್ತಿದ್ದ ಮೇಡಂ ಹತ್ತಿರ ಹೋದೆ. 'ನೀನು ಕೌನ್ಸೆಲರ್ ಅಲ್ಲ ಕಣೇ. ಕೌನ್ಸೆಲರ್ ರೂಮಿನ ಬಾಗಿಲ ತನಕ ಅವಳ ಜೊತೆ ಹೋಗು, ಹೊರಗೆ ಕಾಯ್ತಾ ಕೂತಿರು' ಅಂದರು. ಹಾಗೇ ಮಾಡಿದೆ. ಮೊದಲ ಎರಡು ಸಲ ಹೊರಗಿನ ಕುರ್ಚಿಯಲ್ಲಿ ಕೂತು ಕಾದೆ. ಮೂರನೇ ಸಲ 'ಅಕ್ಕಾ, ನೀವು ಬರಬೇಡಿ, ನಾನೇ ಹೋಗ್ತೀನಿ' ಅಂತ ಮೆಸೇಜ್ ಬಂತು.

ಈ ವರ್ಷ ನನ್ನ ಜೊತೆ ಹೊಸ ಲೀಡರ್ ಒಬ್ಬಳಿದ್ದಳು. ಮೊದಲ ದಿನವೇ ಲೈಬ್ರರಿ ಮುಂದೆ ನಿಂತು, ಪುಸ್ತಕ ತಡವಾಗಿ ಕೊಟ್ಟರೆ ದಂಡ ಎಷ್ಟು ಅನ್ನುವಲ್ಲಿಂದ ಶುರು ಮಾಡಿ 10 ನಿಮಿಷ ಮಾತಾಡಿದಳು. ನಾನು ತಡೆಯಲಿಲ್ಲ. ಸಾಲಿನ ಕೊನೆಯಲ್ಲಿ ಒಬ್ಬ ಹುಡುಗ ಬಗ್ಗಿ ಶೂ ಲೇಸ್ ಕಟ್ಟುತ್ತಿದ್ದ. ಬಿಚ್ಚಿ, ಮತ್ತೆ ಕಟ್ಟುತ್ತಿದ್ದ. ಅವನ ಪಕ್ಕ ಹೋಗಿ ನಾನೂ ಬಗ್ಗಿದೆ.

'ಏನು ಹುಡುಕ್ತಾ ಇದೀಯಾ?'

'ಏನಿಲ್ಲ ಅಕ್ಕಾ' ಅಂದ. ಸ್ವಲ್ಪ ಹೊತ್ತು ಬಿಟ್ಟು, 'ಟೈಮ್‌ಟೇಬಲ್ ಎಲ್ಲಿ ಸಿಗುತ್ತೆ? ಎಲ್ಲರಿಗೂ ಸಿಕ್ಕಿದೆ ಅನ್ಸುತ್ತೆ.'

ಯಾರಿಗೂ ಸಿಕ್ಕಿರಲಿಲ್ಲ.